ಗುಲಾಬಿ ಸವರುವ ದಿನ ಹೈಡ್ರೇಂಜಿಯಾ ಮುಟ್ಟಬೇಡಿ

"ಗಿಡ ಚೆನ್ನಾಗಿದೆ, ಎಲೆ ಅಂಗೈಗಿಂತ ದೊಡ್ಡದಿದೆ, ಆದರೆ ಮೂರು ವರ್ಷದಿಂದ ಒಂದು ಹೂವೂ ಇಲ್ಲ." ಮೈಸೂರಿನಲ್ಲಿ ಹೈಡ್ರೇಂಜಿಯಾ ಅನ್ನುವ, ದೊಡ್ಡ ಹೂಗೊಂಚಲಿನ ಗಿಡ ಇಟ್ಟುಕೊಂಡಿರುವ ಬಹಳ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಆಗ ನಾನು ಕೇಳುವುದು ಒಂದೇ ಪ್ರಶ್ನೆ. ಯಾವ ತಿಂಗಳಲ್ಲಿ ಕತ್ತರಿಸಿದಿರಿ? ಉತ್ತರವೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ದಸರಾ ಕಳೆದ ಮೇಲೆ, ಮಳೆ ನಿಂತ ಮೇಲೆ, ಗುಲಾಬಿ ಜೊತೆಗೇ.

ನಮ್ಮ ಮನೆಯಲ್ಲೂ ಅದೇ ಆಗಿತ್ತು. ಊಟಿಯಿಂದ ವಾಪಸ್ ಬರುವಾಗ ನೀಲಿ ಹೂವಿನ ಒಂದು ಗಿಡ ಕೊಂಡು, ಬಂಡೀಪುರದ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆ. ನವೆಂಬರಿನಲ್ಲಿ ಗುಲಾಬಿ ಸವರಿದ ಕೈಯಲ್ಲೇ ಅದನ್ನೂ ಮೊಣಕಾಲೆತ್ತರಕ್ಕೆ ಇಳಿಸಿದೆ. ಗಿಡ ಚೆನ್ನಾಗಿ ಚಿಗುರಿತು. ಬೇಸಿಗೆಯಲ್ಲಿ ಹೂ ಬರಲಿಲ್ಲ. ಮರುವರ್ಷವೂ ಹಾಗೇ ಮಾಡಿದೆ, ಹಾಗೇ ಆಯಿತು. ಗೊಬ್ಬರ ಸಾಲದೇನೋ ಅಂತ ಇನ್ನೆರಡು ಹಿಡಿ ಜಾಸ್ತಿ ಹಾಕಿದೆ, ಎಲೆ ಮತ್ತಷ್ಟು ದೊಡ್ಡದಾಯಿತು. ಹೂ ಬಿಡಬೇಕಾದ ತುದಿಗಳನ್ನೇ ವರ್ಷವರ್ಷವೂ ಕತ್ತರಿಸಿ ಹಾಕುತ್ತಿದ್ದೇನೆ ಅಂತ ಗೊತ್ತಾಗುವ ಹೊತ್ತಿಗೆ ಎರಡು ಬೇಸಿಗೆ ಕಳೆದಿತ್ತು.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಒಂದೇ. ಹೂವು ಯಾವ ಕಡ್ಡಿಯ ಮೇಲೆ ಬರುತ್ತದೆ?

ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ಹೂವು. ಮಾವು ಹಾಗಲ್ಲ. ಕಾಯಿ ಕಿತ್ತ ಮೇಲೆ ಮಳೆಗಾಲದಲ್ಲಿ ಬಂದ ಚಿಗುರು ಬಲಿಯಬೇಕು, ಅದಕ್ಕೆ ಚಳಿ ತಗಲಬೇಕು, ಆಮೇಲೆ ಆ ಬಲಿತ ರೆಂಬೆಯ ತುದಿಯಲ್ಲೇ ಹೂ ಬರಬೇಕು. ನವೆಂಬರಿನಲ್ಲಿ ಮಾವಿನ ರೆಂಬೆಗಳ ತುದಿಯನ್ನೆಲ್ಲ ಸವರಿಬಿಟ್ಟರೆ ಆ ವರ್ಷ ಉಪ್ಪಿನಕಾಯಿಗೆ ಮಿಡಿ ಎಲ್ಲಿಂದ ಬರಬೇಕು? ಹೈಡ್ರೇಂಜಿಯಾದಲ್ಲಿ ಮಾವಿನ ಸ್ವಭಾವದವೂ ಇವೆ, ಗುಲಾಬಿ ಸ್ವಭಾವದವೂ ಇವೆ. ಮಾರುವ ಕಡೆ ಎಲ್ಲಕ್ಕೂ ಹೈಡ್ರೇಂಜಿಯಾ ಅಂತ ಒಂದೇ ಹೆಸರು, ತೊಂದರೆ ಶುರುವಾಗುವುದೇ ಅಲ್ಲಿಂದ.

ಮಂಡ್ಯದಲ್ಲಿ ಕಬ್ಬು ಬೆಳೆಯುವ ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರು ಗಿಡವನ್ನು ಒಂದು ಸುತ್ತು ನೋಡಿ, "ಹಂಗಾದ್ರೆ ಇದು ಕೂಳೆ ಬುಡೋ ಗಿಡ ಅಲ್ಲ ಅನ್ನು ಕಣವ್ವ" ಅಂದರು. ಸರಿಯಾಗಿ ಹಿಡಿದರು. ಬುಡಮಟ್ಟ ಕಡಿದರೂ ಮತ್ತೆ ಎದ್ದು ಅದೇ ವರ್ಷ ಫಲ ಕೊಡುವ ಹೈಡ್ರೇಂಜಿಯಾಗಳು ಇವೆ, ಆದರೆ ನಮ್ಮ ಊರಿನಲ್ಲಿ ಬಹುಪಾಲು ಸಿಗುವುದು ಅವಲ್ಲ.

ನಮಗೆ ಸಿಗುವುದು ಮ್ಯಾಕ್ರೋಫಿಲಾ. ಆ ಹೆಸರಿನ ಅರ್ಥವೇ ದೊಡ್ಡ ಎಲೆ. ಜಪಾನ್ ಮೂಲದ್ದು. ಎಲೆ ದಪ್ಪ, ಹೊಳಪು, ಅಂಚಿನಲ್ಲಿ ಗರಗಸದ ಹಲ್ಲು, ಒಂದೊಂದು ಗೆಣ್ಣಿನಲ್ಲೂ ಎದುರುಬದುರು ಎರಡೆರಡು. ಹೂವು ಎರಡು ಥರ. ಒಂದು ಗುಂಡಗೆ ದೊಡ್ಡ ಉಂಡೆಯಂತೆ ಬರುವುದು (ಚೆಂಡು ಹೂವು ಅಂದರೆ ನಮ್ಮಲ್ಲಿ ಬೇರೆಯೇ ಹೂವಾದ್ದರಿಂದ ಉಂಡೆ ಅಂತಲೇ ಕರೆಯುತ್ತೇನೆ). ಇನ್ನೊಂದು ಲೇಸ್‌ಕ್ಯಾಪ್, ನಡುವೆ ಸಾಸಿವೆಯಂಥ ಪುಟ್ಟ ಪುಟ್ಟ ಮೊಗ್ಗು, ಸುತ್ತಲೂ ದೊಡ್ಡ ಹೂಗಳ ಬಳೆ. ಎಸಳು ಅಂತ ನಾವು ನೋಡುವುದು ನಿಜವಾಗಿ ಎಸಳೇ ಅಲ್ಲ. ಗುಲಾಬಿಯಲ್ಲಿ ಮೊಗ್ಗನ್ನು ಮುಚ್ಚಿಕೊಂಡಿದ್ದು, ಅರಳಿದ ಮೇಲೆ ಕೆಳಕ್ಕೆ ಬಾಗುವ ಹಸಿರು ಎಲೆಗಳಿರುತ್ತವಲ್ಲ, ಅವೇ ಇಲ್ಲಿ ಅಗಲವಾಗಿ ಬಣ್ಣ ತುಂಬಿಕೊಂಡಿರುವುದು. ಒಂದು ಉಂಡೆ ವಾರಗಟ್ಟಲೆ ಬಾಡದೆ ನಿಲ್ಲುವ ಗುಟ್ಟು ಇದೇ.

ಉಂಡೆಯಾಗಲಿ ಲೇಸ್‌ಕ್ಯಾಪ್ ಆಗಲಿ, ಎರಡೂ ಮಾವಿನ ಸ್ವಭಾವದವು. ಹಳೆ ಕಡ್ಡಿಯ ಮೇಲೆ ಹೂವು.

ಇನ್ನು ಕತ್ತರಿ ವಿಷಯಕ್ಕೆ ಬರೋಣ. ನಾನು ಇಟ್ಟುಕೊಂಡಿರುವ ಗಡುವು ಗೌರಿ ಹಬ್ಬ. ಬೇಸಿಗೆ ಮಳೆ ಬಿದ್ದ ಮೇಲೆ ಅರಳಿದ ಹೂವು ನಮ್ಮಲ್ಲಿ ಜೂನ್, ಜುಲೈ ಹೊತ್ತಿಗೆ ಬಣ್ಣ ಕಳೆದುಕೊಂಡು ಹಸಿರು ಅಥವಾ ಕಂದು ಆಗುತ್ತದೆ. ಹಾಗೆ ಆದ ಕೂಡಲೇ, ಆಷಾಢ ಮುಗಿಯುವುದರೊಳಗೆ ಕೆಲಸ ಮುಗಿಸಿದರೆ ಬಹಳ ಒಳ್ಳೆಯದು. ತಡವಾದರೂ ಗೌರಿ ಹಬ್ಬ ದಾಟಬಾರದು. ಆಮೇಲೆ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ ನಿಜ, ಆದರೆ ಚಳಿ ಬರುವಷ್ಟರಲ್ಲಿ ಅದು ಬಲಿತಿರುವುದಿಲ್ಲ. ಎಳೆ ಚಿಗುರಿಗೆ ಹೂವಿನ ಮೊಗ್ಗು ಕಟ್ಟುವ ಶಕ್ತಿ ಇಲ್ಲ.

ಎಲ್ಲಿ ಕತ್ತರಿಸಬೇಕು? ಬಾಡಿದ ಹೂವಿನಿಂದ ಕಡ್ಡಿ ಹಿಡಿದು ಕೆಳಗೆ ಬನ್ನಿ. ಎಲೆ ಸೇರುವ ಜಾಗದಲ್ಲಿ, ಕಬ್ಬಿನ ಗೆಣ್ಣಿನಲ್ಲಿ ಕಣ್ಣಿರುತ್ತದಲ್ಲ ಹಾಗೆ, ಎರಡು ಪಕ್ಕದಲ್ಲೂ ಕಣ್ಣು ಕಾಣುತ್ತದೆ. ಮೊದಲು ಸಿಗುವ ಒಳ್ಳೆ ದಪ್ಪ ಜೋಡಿ ಕಣ್ಣಿನ ಮೇಲೆ, ಅರ್ಧ ಬೆರಳಿನಷ್ಟು ಬಿಟ್ಟು ಕತ್ತರಿಸಿ. ಅಷ್ಟೇ. ಹೂವಿನ ಜೊತೆ ಒಂದೆರಡು ಜೋಡಿ ಎಲೆ ಹೋಗುತ್ತದೆ, ಅದಕ್ಕಿಂತ ಕೆಳಗೆ ಹೋಗಬೇಡಿ. ಈ ವರ್ಷ ಹೂ ಬಿಡದ ಕಡ್ಡಿಗಳು ಇರುತ್ತವೆ, ಉದ್ದಕ್ಕೆ ನೇರವಾಗಿ ಬೆಳೆದು ಗಿಡದ ಅಂದ ಕೆಡಿಸುತ್ತಿವೆ ಅನ್ನಿಸುತ್ತದೆ. ದಯವಿಟ್ಟು ಅವನ್ನು ಮುಟ್ಟಬೇಡಿ. ಮುಂದಿನ ಬೇಸಿಗೆಯ ಹೂವು ಇರುವುದೇ ಅವುಗಳ ತುದಿಯಲ್ಲಿ.

ಗಿಡಕ್ಕೆ 3, 4 ವರ್ಷ ತುಂಬಿದ ಮೇಲೆ ಇನ್ನೊಂದು ಕೆಲಸ ಸೇರುತ್ತದೆ. ಬುಡದಲ್ಲಿ ತೊಗಟೆ ಸುಲಿದು ಬೂದು ಬಣ್ಣಕ್ಕೆ ತಿರುಗಿದ, ಸಣ್ಣ ಹೂವು ಬಿಡುವ ಮುದಿ ಕಡ್ಡಿಗಳಲ್ಲಿ ನಾಲ್ಕಕ್ಕೆ ಒಂದರಂತೆ ಆರಿಸಿ, ನೆಲಮಟ್ಟಕ್ಕೆ ತೆಗೆಯಿರಿ. ಅದೂ ಈ ಆಷಾಢದ ಹೊತ್ತಿನಲ್ಲೇ. ಬುಡದಿಂದ ಹೊಸ ಕಡ್ಡಿ ಎದ್ದು ಗಿಡ ಮತ್ತೆ ಹರೆಯಕ್ಕೆ ಬರುತ್ತದೆ. ಎಲ್ಲವನ್ನೂ ಒಂದೇ ವರ್ಷ ತೆಗೆದರೆ ಮುಂದಿನ ಬೇಸಿಗೆಯ ಹೂವು ಪೂರ್ತಿ ಹೋಯಿತು. ಒಣಗಿದ, ಸತ್ತ ಕಡ್ಡಿಯನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು. ಸತ್ತಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಬಿಟ್ಟುಬಿಡಿ.

ಈಗ ಚಳಿಯ ಮಾತು. ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮೈಸೂರಿನವರಿಗೆ ಇದು ಕತ್ತರಿಯಷ್ಟೇ ಮುಖ್ಯ. ಮ್ಯಾಕ್ರೋಫಿಲಾ ಹೂವಿನ ಮೊಗ್ಗು ಕಟ್ಟಬೇಕಾದರೆ ಅದಕ್ಕೆ ಹಲವು ವಾರ ತಂಪು ಬೇಕು, ಸುಮಾರು 18 ಡಿಗ್ರಿಗಿಂತ ಕೆಳಗೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ, ಅಲ್ಲಿ ಈ ಗಿಡ ಬೇಲಿಯ ಹಾಗೆ ಬೆಳೆದು ಬೇಲಿ ತುಂಬ ಹೂ ಬಿಡುತ್ತದೆ. ಮೈಸೂರು ಅದರ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿದೆ, ಮಂಡ್ಯ ಇನ್ನೂ ತಗ್ಗು. ನಮಗೆ ಆ ತಂಪು ಸಿಗುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ, ಅದೂ ಗೆರೆಯ ಅಂಚಿನಲ್ಲಿ. ಹಗಲು ಮತ್ತೆ ಬಿಸಿಲು ಏರುತ್ತದೆ. ಆದ್ದರಿಂದ ಊಟಿಯಷ್ಟು ಹೂವು ಇಲ್ಲಿ ಬರುವುದಿಲ್ಲ, ಅದನ್ನು ಒಪ್ಪಿಕೊಂಡೇ ಬೆಳೆಸಬೇಕು. ಆದರೆ ಸಿಗುವ ಆ ಸ್ವಲ್ಪ ಚಳಿಯನ್ನೂ ನಾವು ಕಳೆದುಕೊಳ್ಳುತ್ತೇವೆ. ಹೇಗೆ ಅಂದರೆ, ಕುಂಡವನ್ನು ಪೋರ್ಟಿಕೋ ಕೆಳಗೆ, ಕಾಂಪೌಂಡ್ ಗೋಡೆಗೆ ಒರಗಿಸಿ ಇಡುತ್ತೇವೆ. ಹಗಲೆಲ್ಲ ಬಿಸಿಯಾದ ಗೋಡೆ ರಾತ್ರಿಯೆಲ್ಲ ಗಿಡಕ್ಕೆ ಶಾಖ ಕೊಡುತ್ತದೆ. ದೀಪಾವಳಿ ಕಳೆದ ಮೇಲೆ ನಾನು ಕುಂಡಗಳನ್ನು ಗೋಡೆಯಿಂದ ದೂರಕ್ಕೆ, ಇಬ್ಬನಿ ಬೀಳುವ ಜಾಗಕ್ಕೆ ಎಳೆದು ಇಡುತ್ತೇನೆ. ಗೊಬ್ಬರ ನಿಲ್ಲಿಸುತ್ತೇನೆ. ನೀರು ಕಡಿಮೆ ಮಾಡುತ್ತೇನೆ, ಒಣಗಲು ಬಿಡುವುದಿಲ್ಲ. ಕೆಲವು ಎಲೆ ಹಳದಿಯಾಗಿ ಉದುರುತ್ತದೆ, ಉದುರಲಿ. ಸಂಕ್ರಾಂತಿ ಆದ ಮೇಲೆ ಬಿಸಿಲು ಚುರುಕಾಗುತ್ತಿದ್ದಂತೆ ಮತ್ತೆ ನೆರಳಿನ ಕಡೆಗೆ. ಹೀಗೆ ಜಾಗ ಬದಲಿಸಲು ಆಗುತ್ತದೆ ಅನ್ನುವ ಕಾರಣಕ್ಕೇ ನಮ್ಮ ಊರಿನಲ್ಲಿ ಈ ಗಿಡಕ್ಕೆ ನೆಲಕ್ಕಿಂತ ಕುಂಡ ಮೇಲು ಅನ್ನುತ್ತೇನೆ.

ಹಾಗಾದರೆ ಅಂಗಡಿಯಲ್ಲಿ ಪುಟ್ಟ ಕುಂಡದ ಗಿಡಕ್ಕೆ ತಲೆಗಿಂತ ದೊಡ್ಡ ಹೂವು ಹೇಗೆ ಬರುತ್ತದೆ? ಮಾರಾಟಕ್ಕೆ ಬೆಳೆಸುವವರು ಸಾಮಾನ್ಯವಾಗಿ ಗಿಡವನ್ನು ಕೆಲವು ವಾರ ತಂಪಿನಲ್ಲಿಟ್ಟು, ಆಮೇಲೆ ಬೆಚ್ಚಗಿನ ಜಾಗಕ್ಕೆ ತಂದು ಹೂ ಬಿಡಿಸುತ್ತಾರೆ. ಕುಳ್ಳಗೆ ಇರಲೆಂದು ಬೆಳವಣಿಗೆ ತಡೆಯುವ ಔಷಧಿಯೂ ಕೊಟ್ಟಿರುವುದುಂಟು. ಅದಕ್ಕೇ ಮನೆಗೆ ತಂದ ಮರುವರ್ಷ ಅದೇ ಗಿಡ ಉದ್ದಕ್ಕೆ ಎದ್ದುಬಿಡುತ್ತದೆ, ಹೂವು ಮಾತ್ರ ತಡ ಮಾಡುತ್ತದೆ. ಗಿಡ ಕೆಟ್ಟಿಲ್ಲ, ನಮ್ಮ ಹವೆಗೆ ಹೊಂದಿಕೊಳ್ಳುತ್ತಿದೆ. ಒಂದು ವರ್ಷ ಬಿಟ್ಟುಕೊಡಿ.

ಜಾಗ ಮನೆಯ ಪೂರ್ವ ದಿಕ್ಕು. ಬೆಳಗಿನ ಬಿಸಿಲು 10 ಗಂಟೆಯವರೆಗೆ, ಹೆಚ್ಚೆಂದರೆ 11. ಮಧ್ಯಾಹ್ನದ ಬಿಸಿಲು ಏಪ್ರಿಲಿನಲ್ಲಿ ಎಲೆಯನ್ನು ಸುಟ್ಟೇ ಬಿಡುತ್ತದೆ. ಪೂರ್ತಿ ನೆರಳಾದರೆ ಹೂವಿಲ್ಲ. ನಮ್ಮ ಮನೆಯಲ್ಲಿ ಸಂಪಿಗೆ ಮರದ ಅಂಚಿನ ಚದುರಿದ ನೆರಳು ಇದಕ್ಕೆ ಬಹಳ ಒಗ್ಗಿದೆ.

ನೀರಿನ ವಿಷಯದಲ್ಲಿ ಒಂದು ಮೋಸವಿದೆ. ಬೇಸಿಗೆಯಲ್ಲಿ ಮಧ್ಯಾಹ್ನ 2 ಗಂಟೆಗೆ ನೋಡಿದರೆ ಎಲೆಗಳೆಲ್ಲ ಬಟ್ಟೆಯ ಹಾಗೆ ಜೋತುಬಿದ್ದಿರುತ್ತವೆ. ಕರುಳು ಚುರ್ ಅನ್ನುತ್ತದೆ, ಓಡಿಹೋಗಿ ಒಂದು ಬಿಂದಿಗೆ ಸುರಿಯುತ್ತೇವೆ. ಎಲೆ ಅಷ್ಟು ಅಗಲ ಇರುವುದರಿಂದ ಬೇರು ಏರಿಸುವುದಕ್ಕಿಂತ ವೇಗವಾಗಿ ನೀರು ಆವಿಯಾಗುತ್ತದೆ, ಅದಕ್ಕೆ ಬಾಡುವುದು. ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ. ಒದ್ದೆ ಇದ್ದರೆ ಸುಮ್ನೆ ನೆರಳು ಮಾಡಿ, ಸಂಜೆಗೆ ತಾನೇ ಏಳುತ್ತದೆ. ಬೆಳಗ್ಗೆ 7 ಗಂಟೆಗೂ ಬಾಡಿಕೊಂಡೇ ಇದ್ದರೆ ಆಗ ನಿಜಕ್ಕೂ ಬಾಯಾರಿದೆ ಅಂತ ಅರ್ಥ, ಅಥವಾ ನೀರು ನಿಂತು ಬೇರು ಕೊಳೆಯುತ್ತಿದೆ. ಅಂದಹಾಗೆ ಹೈಡ್ರೇಂಜಿಯಾ ಅನ್ನುವ ಹೆಸರು ಗ್ರೀಕ್ ಭಾಷೆಯ ನೀರು ಮತ್ತು ಪಾತ್ರೆ ಅನ್ನುವ ಪದಗಳಿಂದ ಬಂದದ್ದು. ಅದಕ್ಕೂ ಗಿಡದ ಬಾಯಾರಿಕೆಗೂ ಸಂಬಂಧವಿಲ್ಲ, ಅದರ ಬೀಜದ ಕಾಯಿ ಪುಟ್ಟ ಹೂಜಿಯ ಆಕಾರದಲ್ಲಿರುತ್ತದೆ.

ಮಣ್ಣು ಹಗುರ ಇರಬೇಕು. ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಕುಂಡ 14 ಇಂಚಿಗಿಂತ ಚಿಕ್ಕದಾದರೆ ಬೇಸಿಗೆಯಲ್ಲಿ ನಿಭಾಯಿಸುವುದು ಕಷ್ಟ. ಮೇಲೆ ಕಬ್ಬಿನ ತರಗೋ ಒಣಗಿದ ಎಲೆಯೋ ಮೂರು ಬೆರಳು ದಪ್ಪಕ್ಕೆ ಹೊದಿಸಿ. ಗೊಬ್ಬರ ವರ್ಷಕ್ಕೆ ಎರಡು ಸಲ ಸಾಕು, ಫೆಬ್ರವರಿಯಲ್ಲಿ ಒಮ್ಮೆ, ಸವರಿದ ಮೇಲೆ ಒಮ್ಮೆ. ಯೂರಿಯಾ ಬೇಡ, ಎಲೆ ಹುಚ್ಚಾಪಟ್ಟೆ ಬಂದು ಹೂವು ಹಿಂದೆ ಬೀಳುತ್ತದೆ.

ಇನ್ನು ಎಲ್ಲರೂ ಕೇಳುವ ಬಣ್ಣದ ಪ್ರಶ್ನೆ. ಊಟಿಯಿಂದ ತಂದಾಗ ಕಡುನೀಲಿ ಇದ್ದದ್ದು ಮೈಸೂರಿನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಯಾರೂ ಬೇರೆ ಗಿಡ ಕೊಟ್ಟು ಮೋಸ ಮಾಡಿಲ್ಲ. ನೀಲಿ ಹೂವಿನಲ್ಲೂ ಗುಲಾಬಿ ಬಣ್ಣದ ಹೂವಿನಲ್ಲೂ ಇರುವ ಬಣ್ಣದ ವಸ್ತು ಒಂದೇ. ಅದಕ್ಕೆ ಅಲ್ಯೂಮಿನಿಯಂ ಸೇರಿದರೆ ನೀಲಿ, ಸೇರದಿದ್ದರೆ ಗುಲಾಬಿ. ಅಲ್ಯೂಮಿನಿಯಂ ಬಹುತೇಕ ಎಲ್ಲ ಮಣ್ಣಿನಲ್ಲೂ ಇದೆ, ಆದರೆ ಮಣ್ಣು ಹುಳಿ ಇದ್ದರೆ ಮಾತ್ರ ಅದು ಕರಗಿ ಬೇರಿಗೆ ಸಿಗುತ್ತದೆ. ಹುಳಿ ಅಳೆಯುವ ಅಳತೆ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 5.5ಕ್ಕಿಂತ ಕಡಿಮೆ ಇದ್ದರೆ ನೀಲಿ, 6.5ಕ್ಕಿಂತ ಜಾಸ್ತಿ ಇದ್ದರೆ ಗುಲಾಬಿ, ನಡುವೆ ನೇರಳೆ, ಕೆಲವೊಮ್ಮೆ ಒಂದೇ ಗಿಡದಲ್ಲಿ ಎರಡೂ. ಶಂಖಪುಷ್ಪದ ನೀಲಿ ಕಷಾಯಕ್ಕೆ ನಿಂಬೆಹಣ್ಣು ಹಿಂಡಿದರೆ ಹುಳಿಗೆ ನೀಲಿ ಹೋಗಿ ಗುಲಾಬಿಯಾಗುತ್ತದೆ, ನೋಡಿರುತ್ತೀರಿ. ಇಲ್ಲಿ ಉಲ್ಟಾ, ಯಾಕೆಂದರೆ ಇಲ್ಲಿ ಹುಳಿ ಕೆಲಸ ಮಾಡುವುದು ಮಣ್ಣಿನಲ್ಲಿ, ಹೂವಿನಲ್ಲಲ್ಲ. ಊಟಿಯ ಮಳೆ ತೊಳೆದ ಮಣ್ಣು ಹುಳಿ. ನಮ್ಮ ಬೋರ್ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ವರ್ಷಪೂರ್ತಿ ಅದನ್ನೇ ಹಾಕುತ್ತಿದ್ದರೆ ಹುಳಿ ಮಣ್ಣೂ ಸಪ್ಪೆಯಾಗುತ್ತದೆ. ಎಲೆ ಹಳದಿ, ನರ ಮಾತ್ರ ಹಸಿರು, ಹೀಗೆ ಕಾಣುವುದೂ ಇದರಿಂದಲೇ. ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಸಾಧ್ಯವಾದರೆ ಮಳೆ ನೀರು ಹಿಡಿದಿಟ್ಟು ಈ ಗಿಡಕ್ಕೆ ಹಾಕಿ.

ನೀಲಿ ಬೇಕೇ ಬೇಕು ಅನ್ನುವವರು ಪಟಿಕ ಬಳಸಬಹುದು. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ಒಂದು ಲೀಟರ್ ನೀರಿಗೆ 2 ಗ್ರಾಂ ಕರಗಿಸಿ, ಮಣ್ಣು ಮೊದಲೇ ಒದ್ದೆ ಇರುವಾಗ ಹಾಕಿ, ಎರಡು ಮೂರು ವಾರಕ್ಕೊಮ್ಮೆ. ಒಣ ಮಣ್ಣಿಗೆ, ಅಥವಾ ಜಾಸ್ತಿ ಗಟ್ಟಿ ಮಾಡಿ ಹಾಕಿದರೆ ಬೇರು ಸುಡುತ್ತದೆ. ಜೊತೆಗೆ ಡಿಎಪಿ, ಮೂಳೆ ಗೊಬ್ಬರದಂಥ ರಂಜಕ (ಫಾಸ್ಫರಸ್) ಇರುವ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕು. ರಂಜಕ ಜಾಸ್ತಿಯಾದರೆ ಅದು ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಅರಳಿದ ಹೂವಿನ ಬಣ್ಣ ಬದಲಾಗುವುದಿಲ್ಲ, ಮೊಗ್ಗು ಕಾಣುವ ಎಷ್ಟೋ ಮೊದಲೇ ಶುರು ಮಾಡಬೇಕು. ತುಕ್ಕು ಹಿಡಿದ ಮೊಳೆ ಹೂಳಿದರೆ ನೀಲಿಯಾಗುತ್ತದೆ ಅನ್ನುತ್ತಾರೆ, ಮೊಳೆಯಲ್ಲಿರುವುದು ಕಬ್ಬಿಣ, ಅಲ್ಯೂಮಿನಿಯಂ ಅಲ್ಲ. ಬಿಳಿ ಹೂವಿನ ಗಿಡಕ್ಕೆ ಏನು ಹಾಕಿದರೂ ನೀಲಿ ಬರುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮ ನೀರು ಕೊಡುವ ಗುಲಾಬಿ ಬಣ್ಣ ನನಗೆ ಇಷ್ಟವಾಗಿಬಿಟ್ಟಿದೆ, ಪಟಿಕ ನಿಲ್ಲಿಸಿದ್ದೇನೆ.

ಉಳಿದ ಬಗೆಗಳ ಬಗ್ಗೆ ಸ್ವಲ್ಪ. ಸೆರ್ರಾಟಾ ಅನ್ನುವುದು ಜಪಾನಿನ ಬೆಟ್ಟದ್ದು, ಎಲೆ ಸಣ್ಣದು, ಗಿಡವೂ ಸಣ್ಣದು. ಸವರುವುದು ಮ್ಯಾಕ್ರೋಫಿಲಾದ ಹಾಗೇ. ಇದರ ಒಂದು ಬಗೆಯ ಎಲೆಯಿಂದ ಮಾಡುವ ಸಿಹಿ ಚಹಾವನ್ನು ಜಪಾನಿನಲ್ಲಿ ಬುದ್ಧನ ಹುಟ್ಟುಹಬ್ಬದ ದಿನ ಪುಟ್ಟ ಬುದ್ಧನ ಮೂರ್ತಿಗೆ ಅಭಿಷೇಕ ಮಾಡುತ್ತಾರೆ. ಹಾಗಂತ ಮನೆಯ ಗಿಡದ ಎಲೆ ಕುದಿಸಿ ಕುಡಿಯಬೇಡಿ, ಹೈಡ್ರೇಂಜಿಯಾದ ಎಲೆ, ಮೊಗ್ಗು ವಿಷ. ಕ್ವೆರ್ಸಿಫೋಲಿಯಾ ಅಮೆರಿಕದ್ದು, ಎಲೆ ಬೆರಳು ಬಿಡಿಸಿದ ಹಸ್ತದ ಹಾಗೆ ಸೀಳಿರುತ್ತದೆ. ಇದೂ ಹಳೆ ಕಡ್ಡಿಯದ್ದೇ.

ಗುಲಾಬಿ ಸ್ವಭಾವದವು ಎರಡು. ಪ್ಯಾನಿಕ್ಯುಲೇಟಾದ ಹೂವು ಉಂಡೆಯಲ್ಲ, ಗೋಪುರದ ಹಾಗೆ ಚೂಪು. ಲೈಮ್‌ಲೈಟ್ ಅಂತ ಬರುವುದು ಇದೇ, ತಿಳಿಹಸಿರಾಗಿ ಅರಳಿ ಬಿಳಿಯಾಗಿ ಕೊನೆಗೆ ಗುಲಾಬಿ ಛಾಯೆಗೆ ತಿರುಗುತ್ತದೆ. ಅರ್ಬೊರೆಸೆನ್ಸ್ ಅಮೆರಿಕದ್ದು, ಅದರಲ್ಲಿ ಆನಾಬೆಲ್ ಅನ್ನುವ ಬಿಳಿ ಉಂಡೆ ಹೆಸರುವಾಸಿ. ಚಿಕ್ಕಪ್ಪ ಹೇಳಿದ ಕೂಳೆ ಬಿಡುವ ಗಿಡ ಅಂದರೆ ಇವೇ. ಚಿಗುರುವ ಮೊದಲು, ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಧೈರ್ಯವಾಗಿ ಸವರಬಹುದು. ಪ್ಯಾನಿಕ್ಯುಲೇಟಾವನ್ನು ಮೂರನೇ ಒಂದು ಭಾಗದಷ್ಟು, ಆನಾಬೆಲ್ಲನ್ನು ಬುಡದಿಂದ ಒಂದು ಅಡಿಗೆ. ಬಣ್ಣ ಬದಲಾಯಿಸುವ ಆಟ ಇವುಗಳಲ್ಲಿ ನಡೆಯುವುದಿಲ್ಲ. ಆದರೆ ಇವು ಗಟ್ಟಿ ಚಳಿಯಲ್ಲಿ ಎಲೆ ಉದುರಿಸಿ ನಿದ್ದೆ ಮಾಡಿ ಏಳುವ ಗಿಡಗಳು. ನಮ್ಮ ಊರಿನಲ್ಲಿ ಆ ನಿದ್ದೆ ಸರಿಯಾಗಿ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಚಿತ್ರ ನೋಡಿ ದುಬಾರಿ ದುಡ್ಡು ಕೊಟ್ಟು ತರಿಸಿಕೊಳ್ಳುವ ಮುಂಚೆ ಇದನ್ನು ಯೋಚಿಸಿ.

ಹಳೆಯದು, ಹೊಸದು ಎರಡೂ ಕಡ್ಡಿಯಲ್ಲಿ ಹೂ ಬಿಡುವ ಮ್ಯಾಕ್ರೋಫಿಲಾವೂ ಇದೆ. ಎಂಡ್‌ಲೆಸ್ ಸಮ್ಮರ್ ಅನ್ನುವ ಹೆಸರಿನಲ್ಲಿ ಅಮೆರಿಕದಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂದದ್ದು. ಇಂಥದ್ದು ಸಿಕ್ಕರೆ ತಪ್ಪು ತಿಂಗಳಲ್ಲಿ ಕತ್ತರಿ ಬಿದ್ದರೂ ಅಷ್ಟಿಷ್ಟು ಹೂವು ಉಳಿಯುತ್ತದೆ. ನಿಮ್ಮ ಗಿಡ ಯಾವ ಬಗೆಯೋ ತಿಳಿಯದಿದ್ದರೆ ಒಂದು ವರ್ಷ ಕತ್ತರಿಯನ್ನೇ ತೆಗೆಯಬೇಡಿ. ಹೂವು ಬಂದಾಗ ಆ ಕಡ್ಡಿಯ ಬುಡ ನೋಡಿ. ಕಂದು ಬಣ್ಣದ ಗಟ್ಟಿ ಕಡ್ಡಿಯಿಂದ ಎದ್ದ ಗೇಣುದ್ದದ ಚಿಗುರಿನಲ್ಲಿ ಹೂವಿದ್ದರೆ ಹಳೆ ಕಡ್ಡಿಯದ್ದು, ನೆಲದಿಂದ ಆ ವರ್ಷವೇ ಎದ್ದ ಹಸಿರು ಕಡ್ಡಿಯ ತುದಿಯಲ್ಲಿದ್ದರೆ ಹೊಸ ಕಡ್ಡಿಯದ್ದು.

ಆಷಾಢದಲ್ಲಿ ಸವರಿದ ಕಡ್ಡಿಗಳನ್ನು ಎಸೆಯಬೇಡಿ, ವಿಷವಾದ್ದರಿಂದ ದನಕ್ಕೂ ಮೇಕೆಗೂ ಹಾಕಬೇಡಿ. ಅವುಗಳಿಂದ ಹೊಸ ಗಿಡ ಮಾಡಬಹುದು. ಹೂ ಬಿಡದ ಎಳೆ ತುದಿ ಎಲ್ಲಾದರೂ ಮುರಿದಿದ್ದರೆ ಅದು ಇನ್ನೂ ಒಳ್ಳೆಯದು. ಎರಡು ಗೆಣ್ಣು ಇರುವಂತೆ ತುಂಡು ಮಾಡಿ, ಕೆಳಗಿನ ಜೋಡಿ ಎಲೆ ತೆಗೆದು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ನಾರಿನ ಪುಡಿಯ ಮಿಶ್ರಣಕ್ಕೆ ಒಂದು ಗೆಣ್ಣು ಮುಳುಗುವ ಹಾಗೆ ಊರಿ. ಮೇಲೆ ಒಂದು ಪ್ಲಾಸ್ಟಿಕ್ ಕವರ್ ಸಡಿಲವಾಗಿ ಹೊದಿಸಿ, ನೆರಳಲ್ಲಿಡಿ. ಮುಂಗಾರಿನ ತೇವ ಗಾಳಿಯಲ್ಲಿ 3, 4 ವಾರಕ್ಕೆ ಬೇರು ಬರುತ್ತದೆ, ಮೆಲ್ಲಗೆ ಎಳೆದರೆ ಹಿಡಿದುಕೊಂಡಿರುತ್ತದೆ. ನಮ್ಮ ಮನೆಯ ಆ ಒಂದು ಗಿಡದಿಂದ ಹೀಗೆ ಏಳು ಗಿಡ ಆಗಿವೆ. ಎರಡು ಮಂಡ್ಯದ ಚಿಕ್ಕಪ್ಪನ ಮನೆಯ ತೆಂಗಿನ ಮರದ ಬುಡದಲ್ಲಿವೆ. ಅಲ್ಲಿ ಹೋದ ವರ್ಷ ಒಂದರಲ್ಲಿ ಮೊದಲ ಹೂ ಬಿಟ್ಟಿತು, ಬಣ್ಣ ತಿಳಿಗುಲಾಬಿ.